ಓದುಗರ ಪ್ರಶ್ನೆ: ಹುರಿದ ಕುಂಬಳಕಾಯಿ ಮೆತ್ತಗ ಯಾಕ ಆಗತೈತಿ?

ಶೀಗಿ ಹುಣ್ಣಿಮೆಯಿಂದ ಎಳ್ಳಮಾವಾಸ್ಯೆವರೆಗೆ ನಮ್ಮ ಕಡೆ ಚರಗದ ಬುಟ್ಟಿಯಲ್ಲಿ ಕುಂಬಳಕಾಯಿ ಪಲ್ಯ ಇರಲೇಬೇಕು. ಆದರೆ ಈ ಸಲದ ಪತ್ರಗಳು ಪಲ್ಯದ ಬಗ್ಗೆ ಅಲ್ಲ, ಹೋಳುಗಳನ್ನು ಓವನ್‌ನಲ್ಲಿ ಹುರಿದು ರೊಟ್ಟಿಯ ಪಕ್ಕ ಬಡಿಸುವ ಬಗ್ಗೆ. ಇಲ್ಲಿ ಕುಂಬಳಕಾಯಿ ಎಂದರೆ ಸಿಹಿಗುಂಬಳ. ಬೂದಗುಂಬಳದ ಮಾತು ಬೇರೆ.

ಓಟಿಜಿಯೊಳಗ (ಕರೆಂಟಿನ ಓವನ್) ಕುಂಬಳಕಾಯಿ ಹುರಿಯಾಕ ಇಟ್ರ ನೀರು ಬಿಟ್ಟು ಪಲ್ಯದಂಗ ಮೆತ್ತಗ ಆಗತೈತ್ರಿ. ಅಂಚು ಕೆಂಪಗ ಬರೂದ ಇಲ್ಲ. ಒಂದು ಕಿಲೋ ಕಾಯಿ, ಉಪ್ಪು ಹಚ್ಚಿ ಅರ್ಧ ತಾಸು ಬಿಟ್ಟು, 180 ಡಿಗ್ರಿಯೊಳಗ 40 ನಿಮಿಷ ಇಟ್ಟಿದ್ದೆ. ಏನು ತಪ್ಪಾತ್ರಿ?
— ಜಮಖಂಡಿಯ ಓದುಗರು

ಮೂರು ತಪ್ಪು, ಮೂರಕ್ಕೂ ಮೂಲ ಒಂದೇ: ನೀರು. ಕುಂಬಳಕಾಯಿಯ ತೂಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಹೋಳಿನ ಮೈ ಒದ್ದೆಯಾಗಿರುವಷ್ಟು ಹೊತ್ತು ಅದರ ಶಾಖ 100 ಡಿಗ್ರಿ ದಾಟುವುದಿಲ್ಲ. ಕೆಂಪಗಾಗಬೇಕಾದರೆ ಮೈ ಒಣಗಿ 140 ಡಿಗ್ರಿಯ ಆಸುಪಾಸಿಗೆ ಏರಬೇಕು. ನಿಮ್ಮ ಹೋಳುಗಳು ಆ 40 ನಿಮಿಷವೂ ತಮ್ಮ ಹಬೆಯಲ್ಲಿ ತಾವೇ ಬೆಂದಿವೆ, ಹುರಿದೇ ಇಲ್ಲ.

ಮೊದಲು ಉಪ್ಪು. ಅರ್ಧ ತಾಸು ಮೊದಲೇ ಹಚ್ಚಿದರೆ ಒಳಗಿನ ನೀರೆಲ್ಲ ಮೇಲೆ ಬರುತ್ತದೆ. ತಟ್ಟೆ ಒಳಗಿಡುವ ಗಳಿಗೆಗೆ ಹಾಕಿದರೆ ಸಾಕು. ಎರಡನೆಯದು ಉರಿ. 180 ಡಿಗ್ರಿ ಕೇಕಿಗೆ ಸರಿ, ಇದಕ್ಕೆ 210 ರಿಂದ 220 ಬೇಕು.

ಮೂರನೆಯದು ಜಾಗ, ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಕಿಲೋ ತುಂಡಿನಿಂದ ಸಿಪ್ಪೆ, ಬೀಜ, ನಾರು ತೆಗೆದರೆ ಸುಮಾರು 750 ಗ್ರಾಂ ತಿರುಳು ಸಿಗುತ್ತದೆ. ಅದನ್ನು ಒಂದು ಇಂಚಿನ ಹೋಳು ಮಾಡಿದರೆ ಐವತ್ತರ ಆಸುಪಾಸು ಆಗುತ್ತವೆ. ಹೋಳಿನ ನಡುವೆ ಒಂದು ಬೆರಳು ಸಂದು ಬಿಟ್ಟರೆ 30 ಸೆಂ.ಮೀ. ಉದ್ದ, 25 ಸೆಂ.ಮೀ. ಅಗಲದ ತಟ್ಟೆ ಭರ್ತಿ. ಚಿಕ್ಕ ಓಟಿಜಿಯ ತಟ್ಟೆಗೆ ಮೂವತ್ತು ಹೋಳೇ ಹೆಚ್ಚು. ಉಳಿದದ್ದನ್ನು ಎರಡನೇ ಸರತಿಗೆ ಇಡಿ. ಒಂದರ ಮೇಲೊಂದು ಪೇರಿಸಿದರೆ ಎಷ್ಟೇ ಉರಿ ಇಟ್ಟರೂ ಅದು ಪಲ್ಯವೇ.

ಈಗ ಕ್ರಮ. ಓಟಿಜಿಯ ಮೇಲಿನ, ಕೆಳಗಿನ ಎರಡೂ ರಾಡು ಹಚ್ಚಿ, ಖಾಲಿ ತಟ್ಟೆಯನ್ನೂ ಒಳಗಿಟ್ಟು 15 ನಿಮಿಷ ಕಾಯಿಸಿ. ಅಷ್ಟರಲ್ಲಿ ಹೋಳುಗಳನ್ನು ಒಣ ಬಟ್ಟೆಯಿಂದ ಒರೆಸಿ. 750 ಗ್ರಾಂಗೆ ಒಂದೂವರೆ ದೊಡ್ಡ ಚಮಚ ಎಣ್ಣೆ (ಶೇಂಗಾ ಎಣ್ಣೆ ಆಗಬಹುದು, ಕುಸುಬಿಯೂ ಆಗಬಹುದು), ಮುಕ್ಕಾಲು ಚಿಕ್ಕ ಚಮಚ ಉಪ್ಪು. ಎಣ್ಣೆ ಹೋಳಿಗೆ ತೆಳ್ಳಗೆ ಮೆತ್ತಿದರೆ ಸಾಕು, ಪಾತ್ರೆಯ ತಳದಲ್ಲಿ ನಿಲ್ಲಬಾರದು. ಕಾದ ತಟ್ಟೆಗೆ ಸುರುವಿದಾಗ ಚುರ್ ಅನ್ನಬೇಕು. ಅನ್ನದಿದ್ದರೆ ಇನ್ನೂ ಐದು ನಿಮಿಷ ಕಾಯಿಸಬೇಕಿತ್ತು ಅಂತಲೇ ಲೆಕ್ಕ.

ನಡುವಿನ ಅಂತಸ್ತಿನಲ್ಲಿಟ್ಟು 18 ನಿಮಿಷ ಕೈ ಹಚ್ಚಬೇಡಿ. ಪದೇ ಪದೇ ಬಾಗಿಲು ತೆಗೆದು ನೋಡುವುದರಿಂದ ಕೆಡುವಷ್ಟು ಅಡಿಗೆ ಬೇರೆ ಯಾವುದರಿಂದಲೂ ಕೆಡುವುದಿಲ್ಲ. 18 ನಿಮಿಷ ಆದ ಮೇಲೆ ಒಂದು ಹೋಳು ಎಬ್ಬಿಸಿ ನೋಡಿ. ತಳ ಬೆಲ್ಲದ ಬಣ್ಣಕ್ಕೆ ತಿರುಗಿ ತಾನಾಗೇ ಬಿಟ್ಟುಕೊಂಡರೆ ಎಲ್ಲವನ್ನೂ ತಿರುವಿ ಹಾಕಿ, ಇನ್ನೂ 10 ರಿಂದ 15 ನಿಮಿಷ ಇಡಿ. ತಟ್ಟೆಗೆ ಅಂಟಿ ಬರಲೊಲ್ಲೆ ಅಂದರೆ ಅದಿನ್ನೂ ಹಸಿ, ಮೂರು ನಿಮಿಷ ತಡೆಯಿರಿ. ಚಾಕುವಿನ ತುದಿ ತಡೆಯಿಲ್ಲದೆ ಇಳಿದು, ಅಂಚು ಕಂದಿ, ಮೈ ಸ್ವಲ್ಪ ಸುಕ್ಕುಗಟ್ಟಿದರೆ ಹದ ಬಂತು. 750 ಗ್ರಾಂ ಇಳಿದು ಅರ್ಧ ಕಿಲೋಕ್ಕೂ ಕಡಿಮೆಯಾಗುತ್ತದೆ. ಹೋದದ್ದೆಲ್ಲ ನೀರು, ಹಾಗೆ ಹೋದದ್ದಕ್ಕೇ ಸಿಹಿ ಏರಿದ್ದು. ಮೂರ್ನಾಲ್ಕು ಮಂದಿಗೆ ಸಾಕು.

ಇನ್ನೊಂದು ಮಾತು. ಬೇಸಿಗೆಯಲ್ಲಿ ಸಂಜೆ ವೋಲ್ಟೇಜ್ ಇಳಿಯುವ ಊರುಗಳಲ್ಲಿ 230ರ ಬದಲು 200 ವೋಲ್ಟ್ ಬಂದರೆ ರಾಡಿನ ಶಾಖ ಕಾಲು ಪಾಲು ತಗ್ಗುತ್ತದೆ. ಆಗ ಗಡಿಯಾರ ನಂಬದೆ ಬಣ್ಣ ನಂಬಿ.

ಯೂಟ್ಯೂಬಿನ್ಯಾಗ ವಿಂಟರ್ ಸ್ಕ್ವಾಷ್, ಬಟರ್‌ನಟ್ ಅಂತಾರ. ಬೆಳಗಾವಿಯೊಳಗ ಒಂದೊಂದು ಅಂಗಡ್ಯಾಗ ಸಿಗತೈತಿ, ತುಟ್ಟಿ. ನಮ್ಮ ಕುಂಬಳಕಾಯಿ ನಡಿತೈತೇನು?
— ಬೆಳಗಾವಿಯ ಓದುಗರು

ಧಾರಾಳವಾಗಿ ನಡೆಯುತ್ತದೆ. ಚಳಿಗಾಲದಲ್ಲಿ ಬೆಳೆಯುವುದಕ್ಕಲ್ಲ ಆ ಹೆಸರು. ಪೂರ್ತಿ ಬಲಿತು ಸಿಪ್ಪೆ ಗಟ್ಟಿಯಾದ ಮೇಲೆ ಕೊಯ್ದು, ಚಳಿಗಾಲ ಪೂರ್ತಿ ಇಟ್ಟುಕೊಂಡು ಉಣ್ಣಲು ಬರುವುದಕ್ಕೆ. ಬಟರ್‌ನಟ್ಟೂ ನಮ್ಮ ಸಂತೆಯ ಹೆಚ್ಚಿನ ಕುಂಬಳಕಾಯಿಯೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಒಂದೇ ಜಾತಿ, ಕುಕುರ್ಬಿಟಾ ಮಾಸ್ಕಾಟಾ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿಯೂ ಇದೇ ಜಾತಿಯದು. ಬಟರ್‌ನಟ್‌ನಲ್ಲಿ ನೀರು ಸ್ವಲ್ಪ ಕಡಿಮೆ, ಹಿಟ್ಟಿನಂಶ ಹೆಚ್ಚು, ಅಷ್ಟೇ ವ್ಯತ್ಯಾಸ. ಹಾಗಾಗಿ ಅವರು 25 ನಿಮಿಷ ಅಂದ ಕಡೆ ನಮ್ಮ ಕಾಯಿಗೆ ಏಳೆಂಟು ನಿಮಿಷ ಸೇರಿಸಿಕೊಳ್ಳಿ. ಭಾಜಿ ಮಾರ್ಕೆಟ್ಟಿನಲ್ಲಿ ಮರಾಠಿಯವರು ಭೋಪಳಾ ಅನ್ನುವುದೂ ಇದಕ್ಕೇ.

ಸಂತ್ಯಾಗ ಕಾಯಿ ಆರಿಸೂದು ಹೆಂಗ್ರಿ? ಒಂದೊಂದು ಸಪ್ಪಗ ಇರತಾವು.
— ಇಂಡಿ ಊರಿನ ಓದುಗರು

ಸಪ್ಪಗಿರುವುದು ಎಳೆಗಾಯಿ. ಉಗುರು ಒತ್ತಿ ನೋಡಿ, ಸಿಪ್ಪೆಯಲ್ಲಿ ಇಳಿದರೆ ಅದು ಪಲ್ಯಕ್ಕೆ, ಹುರಿಯಲು ಬೇಡ. ತೊಟ್ಟು ಒಣಗಿ ಬೆಂಡಿನಂತೆ ಆಗಿರಬೇಕು. ನೆಲಕ್ಕೆ ತಾಗಿದ್ದ ಭಾಗ ಬೆಳ್ಳಗಿರದೆ ಗಾಢ ಹಳದಿಗೆ ತಿರುಗಿರಬೇಕು. ನೋಡಿದ್ದಕ್ಕಿಂತ ಎತ್ತಿದಾಗ ಭಾರ ಅನ್ನಿಸಬೇಕು. ಕೊಯ್ದ ತುಂಡು ಕೊಳ್ಳುವವರಿಗೆ ಕೆಲಸ ಇನ್ನೂ ಸುಲಭ: ತಿರುಳು ಕೇಸರಿ ಬಣ್ಣದ್ದಾಗಿರಲಿ, ಬೀಜ ಉಬ್ಬಿ ಗಟ್ಟಿಯಾಗಿರಲಿ. ಬೀಜ ಚಪ್ಪಟೆಯಾಗಿ ಮೆತ್ತಗಿದ್ದರೆ ಬಿಟ್ಟು ಮುಂದೆ ನಡೆಯಿರಿ. ತೊಟ್ಟು ಮುರಿದ ಇಡೀ ಕಾಯಿ ಅಗ್ಗಕ್ಕೆ ಕೊಟ್ಟರೂ ಬೇಡ, ಕೊಳೆ ಹತ್ತುವುದು ಅಲ್ಲಿಂದಲೇ.

ಸಿಪ್ಪಿ ತಗಿಯೂದ ದೊಡ್ಡ ಕೆಲಸ. ಚಾಕು ಸಿಕ್ಕಿ ಬೀಳತೈತಿ, ಕೈಗೆ ಏನೋ ಪರೆ ಹಿಡದಂಗ ಆಗತೈತಿ.
— ಗೋಕಾಕದ ಓದುಗರು

ಇಡೀ ಕಾಯಿ ಉರುಳುತ್ತದೆ, ಅದರ ಮೇಲೆ ಚಾಕು ಒತ್ತುವುದು ಅಪಾಯ. ಮೊದಲು ತೊಟ್ಟಿನ ಕಡೆ, ತಳದ ಕಡೆ ಒಂದೊಂದು ಬಿಲ್ಲೆ ಕತ್ತರಿಸಿ ಸಪಾಟು ಮಾಡಿ. ಕಾಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ, ಗೆರೆಯ ತಗ್ಗಿನಲ್ಲಿ ಚಾಕು ಇಳಿಸಿ. ಉಬ್ಬಿನ ಮೇಲೆ ಒತ್ತಿದರೆ ಜಾರುತ್ತದೆ. ಈಳಿಗೆ ಬಳಸುವವರು ಕಾಲು ಭಾಗದ ತುಂಡು ಮಾಡಿಕೊಂಡ ಮೇಲೆ ಬಳಸಿ, ಇಡೀ ಕಾಯಿಯನ್ನು ಈಳಿಗೆಗೆ ಒಡ್ಡಬೇಡಿ. ಮೈಕ್ರೋವೇವ್ ಇದ್ದರೆ ಸಿಪ್ಪೆಗೆ ಐದಾರು ಕಡೆ ಚಾಕುವಿನಿಂದ ಚುಚ್ಚಿ ಎರಡು ಮೂರು ನಿಮಿಷ ಇಟ್ಟು ತೆಗೆಯಿರಿ, ಸಿಪ್ಪೆ ಸಡಿಲಾಗುತ್ತದೆ.

ಕೈಗೆ ಹಿಡಿಯುವ ಪರೆ ಕಾಯಿಯ ರಸದ್ದು. ಒಣಗಿದಾಗ ಅಂಟಿನಂತೆ ಬಿಗಿಯುತ್ತದೆ, ಕೆಲವರಿಗೆ ಚರ್ಮ ಸುಲಿಯುತ್ತದೆ. ಮೊದಲೇ ಕೈಗೆ ಎಣ್ಣೆ ಸವರಿಕೊಳ್ಳಿ. ಇನ್ನು ತೆಳು ಸಿಪ್ಪೆಯ ಕಾಯಾದರೆ ಸಿಪ್ಪೆ ತೆಗೆಯುವ ಅಗತ್ಯವೇ ಇಲ್ಲ. ಚೆನ್ನಾಗಿ ತೊಳೆದು, ಒಂದಿಂಚು ದಪ್ಪದ ಸೀಳು ಮಾಡಿ, ಸಿಪ್ಪೆ ಸಮೇತ ಹುರಿಯಿರಿ. ಸಿಪ್ಪೆ ಮೆತ್ತಗಾಗಿ ತಿನ್ನಲು ಬರುತ್ತದೆ, ಹೋಳೂ ಮುರಿಯುವುದಿಲ್ಲ. ಬೂದು ಬಣ್ಣದ ದಪ್ಪ ಸಿಪ್ಪೆಯವಕ್ಕೆ ಈ ಮಾತು ನಡೆಯದು.

ಬಳ್ಳೊಳ್ಳಿ, ಖಾರದಪುಡಿ ಹಚ್ಚಿ ಇಟ್ರ ಕರ‍್ರಗ ಆಗಿ ಕಹಿ ಬರತೈತ್ರಿ.
— ಬಾಗಲಕೋಟೆಯ ಓದುಗರು

ಬರಲೇಬೇಕು. 210 ಡಿಗ್ರಿಯಲ್ಲಿ ಖಾರದಪುಡಿಗೆ ಐದಾರು ನಿಮಿಷ ತಡೆಯುವ ಶಕ್ತಿ ಇದೆ, ಅರ್ಧ ತಾಸು ಇಲ್ಲ. ಮೊದಲಿಗೆ ಎಣ್ಣೆ, ಉಪ್ಪು, ಬೇಕಾದರೆ ಜೀರಿಗೆ, ಅಷ್ಟೇ. ಜಜ್ಜಿದ ಬಳ್ಳೊಳ್ಳಿ ಆರು ಎಸಳನ್ನು ಒಂದು ಚಮಚ ಎಣ್ಣೆಯಲ್ಲಿ ನೆನೆಸಿಟ್ಟು ಕಡೆಯ ಎಂಟು ನಿಮಿಷಕ್ಕೆ ಹಾಕಿ. ಸಿಪ್ಪೆ ಸಮೇತ ಇಡೀ ಎಸಳಾದರೆ ಮೊದಲಿನಿಂದಲೇ ಇಡಬಹುದು, ಒಳಗೆ ಬೆಣ್ಣೆಯಂತೆ ಬೇಯುತ್ತದೆ. ಮಸಾಲಿ ಖಾರ ಅರ್ಧ ಚಮಚವನ್ನು ಕಡೆಯ ಮೂರು ನಿಮಿಷಕ್ಕೆ. ಬೆಲ್ಲ ಹಾಕುವವರೂ ಅದೇ ಹೊತ್ತಿಗೆ ಪುಡಿ ಮಾಡಿ ಉದುರಿಸಿ. ಬಲಿತ ಕಾಯಾದರೆ ಬೆಲ್ಲ ಬೇಡವೇ ಬೇಡ.

ನಮ್ಮ ಕಡೆಯ ನಿಜವಾದ ಅನುಕೂಲ ಇರುವುದು ಚಟ್ನಿ ಪುಡಿಯ ಡಬ್ಬಿಯಲ್ಲಿ. ಗುರೆಳ್ಳು, ಶೇಂಗಾ, ಅಗಸಿ ಮೂರೂ ಮೊದಲೇ ಹುರಿದು ಕುಟ್ಟಿದವು, ಮತ್ತೆ ಉರಿ ತೋರಿಸಬೇಕಿಲ್ಲ. ಒಲೆಯಿಂದ ಇಳಿಸಿ, ಹೋಳು ಬಿಸಿಯಿರುವಾಗಲೇ ಎರಡು ಚಮಚ ಗುರೆಳ್ಳು ಪುಡಿ ಉದುರಿಸಿ, ಅರ್ಧ ಲಿಂಬೆ ಹಿಂಡಿ ಒಮ್ಮೆ ಮಗುಚಿ. ಕುಂಬಳದ ಸಿಹಿಗೆ ಗುರೆಳ್ಳಿನ ಒಗರು ಕೂಡುವಷ್ಟು ಚೆನ್ನಾಗಿ ಬೇರೆ ಯಾವುದೂ ಕೂಡುವುದಿಲ್ಲ. ಬೇಕಾದರೆ ಪಕ್ಕಕ್ಕೆ ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಮೊಸರನ್ನು ಹೋಳಿನ ಮೇಲೆ ಮಾತ್ರ ಸುರಿಯಬೇಡಿ, ಕಷ್ಟಪಟ್ಟು ಒಣಗಿಸಿದ್ದು ಮತ್ತೆ ಒದ್ದೆಯಾಗುತ್ತದೆ.

ನಮ್ಮ ಮನ್ಯಾಗ ಓವನ್ ಇಲ್ಲ. ಹಂಚಿನ ಮ್ಯಾಲ ಆಗತೈತೇನು?
— ಮುದ್ದೇಬಿಹಾಳದ ಓದುಗರು

ಆಗುತ್ತದೆ. ಆದರೆ ಹೋಳು ಬೇಡ, ಬಿಲ್ಲೆ ಮಾಡಿ, ಕಿರುಬೆರಳಿನಷ್ಟು ದಪ್ಪ. ಅದಕ್ಕಿಂತ ದಪ್ಪ ಮಾಡಿದರೆ ಹೊರಗೆ ಹತ್ತಿ ಒಳಗೆ ಹಸಿ ಉಳಿಯುತ್ತದೆ. ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ನಡು ಉರಿಯಲ್ಲಿ ಕಾಯಿಸಿ, ಎರಡು ಚಿಕ್ಕ ಚಮಚ ಎಣ್ಣೆ ಸವರಿ, ಬಿಲ್ಲೆಗಳನ್ನು ಒಂದೇ ಪದರವಾಗಿ ಹರವಿ. ನಾಲ್ಕು ನಿಮಿಷ ಮುಚ್ಚಿ, ಒಳಗೆ ಬೇಯಲಿ. ಮುಚ್ಚಳ ತೆಗೆಯುವಾಗ ಅದರಲ್ಲಿ ನಿಂತ ನೀರು ಹಂಚಿಗೆ ಬೀಳದಂತೆ ಪಕ್ಕಕ್ಕೆ ವಾಲಿಸಿ ಎತ್ತಿ. ಆಮೇಲೆ ಮುಚ್ಚಬಾರದು. ಕೆಳಮೈ ಕೆಂಪಾದ ಮೇಲೆ ತಿರುವಿ ಹಾಕಿ ಇನ್ನೊಂದು ನಾಲ್ಕೈದು ನಿಮಿಷ. ನೀರು ಇದ್ದಾಗ ಸುಯ್ ಅನ್ನುವ ಸದ್ದು, ನೀರು ಹೋದ ಮೇಲೆ ಚಿಟಪಟ. ಆ ಬದಲಾವಣೆ ಕಿವಿಗೆ ಬಿದ್ದಾಗಿನಿಂದ ಕಣ್ಣು ತೆಗೆಯಬೇಡಿ, ಹತ್ತಲು ಒಂದು ನಿಮಿಷ ಸಾಕು.

ಕಟ್ಟಿಗೆ ಒಲೆ ಇರುವವರು 400 ಗ್ರಾಂನ ಒಂದು ಸೀಳನ್ನು ಸಿಪ್ಪೆ ಕೆಳಗೆ ಮಾಡಿ ಬೂದಿ ಮುಚ್ಚಿದ ಕೆಂಡದ ಮೇಲೆ ಇಡಬಹುದು. 35–40 ನಿಮಿಷಕ್ಕೆ ತಿರುಳು ಚಮಚದಲ್ಲಿ ಕೆತ್ತಲು ಬರುತ್ತದೆ. ಇದು ಹುರಿದದ್ದಲ್ಲ, ಸುಟ್ಟದ್ದು. ಬದನೆಕಾಯಿ ಸುಟ್ಟು ಮಾಡುವಂತೆ ಕಿವುಚಿ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಜಜ್ಜಿ ಕಲಸಿ.

ಏರ್ ಫ್ರೈಯರ್ ಕೇಳಿದವರಿಗೆ: 190 ಡಿಗ್ರಿ, 16 ರಿಂದ 18 ನಿಮಿಷ, ಅರ್ಧಕ್ಕೆ ಒಮ್ಮೆ ಕುಲುಕಿ. ಬರೀ ಮೈಕ್ರೋವೇವಿನಲ್ಲಿ ಕೆಂಪಾಗುವುದಿಲ್ಲ, ಪ್ರಯತ್ನ ಬೇಡ.

ಹೋದ ವಾರ ತಂದಿದ್ದು ಕಹಿ ಇತ್ತು. ಬೆಲ್ಲ ಹಾಕಿ ಸರಿ ಮಾಡಬಹುದೇನು?
— ಸಿಂದಗಿಯ ಓದುಗರು

ಬೇಡ, ಚೆಲ್ಲಿಬಿಡಿ. ಕುಂಬಳ, ಸೋರೆ, ಸವತೆ ಈ ಬಳ್ಳಿಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಸ್ತು ಕೆಲವೊಮ್ಮೆ ಹೆಚ್ಚಾಗುತ್ತದೆ. ಹಿತ್ತಲಲ್ಲಿ ಎತ್ತಿಟ್ಟ ಬೀಜ ಕಹಿ ತಳಿಯ ಪರಾಗ ಸೇರಿ ಬಂದದ್ದಾದರೆ ಈ ಸಂಭವ ಹೆಚ್ಚು. ಹುರಿದರೂ, ಕುದಿಸಿದರೂ ಹೋಗುವುದಿಲ್ಲ, ಬೆಲ್ಲ ಅದನ್ನು ಮರೆಮಾಚುತ್ತದೆ ಅಷ್ಟೇ. ವಾಂತಿ, ಭೇದಿ, ಹೊಟ್ಟೆನೋವು ಬರುತ್ತವೆ, ಜೋರಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕೊಯ್ದ ಕೂಡಲೇ ಒಂದು ಚೂರು ಹಸಿ ತಿರುಳು ನಾಲಿಗೆಗೆ ಹಚ್ಚಿ ಉಗುಳಿ. ಕಹಿ ಅನ್ನಿಸಿದರೆ ಇಡೀ ಕಾಯಿ ಕಸಕ್ಕೆ, ದನಕ್ಕೂ ಹಾಕಬೇಡಿ.

ಸಕ್ಕರೆ ಕಾಯಿಲೆ ಇದ್ದವರು ತಿನ್ನಬಹುದೇನ್ರಿ? ಉಳಿದ ಅರ್ಧ ಕಾಯಿ ಎಷ್ಟು ದಿನ ಇರತೈತಿ? ಬೀಜ ಏನು ಮಾಡೂದು?
— ಅಥಣಿಯ ಓದುಗರು

ಹಸಿ ಕುಂಬಳದ 100 ಗ್ರಾಂನಲ್ಲಿ ಶರ್ಕರಪಿಷ್ಟ ಸುಮಾರು ಆರೂವರೆ ಗ್ರಾಂ. ಹುರಿದಾಗ ನೀರು ಹೋಗಿ ಅದೇ ತೂಕಕ್ಕೆ ಹತ್ತರ ಮೇಲಾಗುತ್ತದೆ, ಆದ್ದರಿಂದ ಹಸಿ ಇದ್ದಾಗಿನ ತೂಕ ಹಿಡಿದು ಲೆಕ್ಕ ಹಾಕಿ. ತಾಟಿನಲ್ಲಿ ರೊಟ್ಟಿ ಎಷ್ಟು ಅನ್ನುವುದು ಇದಕ್ಕಿಂತ ದೊಡ್ಡ ಪ್ರಶ್ನೆ. ಅದನ್ನು ನಿಮ್ಮ ವೈದ್ಯರ ಹತ್ತಿರ ಕೇಳಿ.

ಇಡೀ ಬಲಿತ ಕಾಯಿ ಗಾಳಿಯಾಡುವ ನೆರಳಿನಲ್ಲಿ ಚಳಿಗಾಲದಲ್ಲಿ ಎರಡು ತಿಂಗಳು ಇರುತ್ತದೆ. ಬೇಸಿಗೆಯಲ್ಲಿ ಅಷ್ಟು ನಂಬಬೇಡಿ. ಇಡೀ ಕಾಯನ್ನು ಫ್ರಿಜ್ಜಿನಲ್ಲಿ ಇಡಬಾರದು, 10 ಡಿಗ್ರಿಗಿಂತ ಕೆಳಗಿನ ಥಂಡಿಗೆ ದಿನ ಕಳೆದಂತೆ ತಗ್ಗು ಬಿದ್ದು ಕೊಳೆಯುತ್ತದೆ. ಕೊಯ್ದದ್ದು ಮಾತ್ರ ಫ್ರಿಜ್ಜಿಗೇ, ಅದೂ ಬೀಜ, ನಾರು ಪೂರ್ತಿ ಕೆರೆದು, ಮುಚ್ಚಿ, ನಾಲ್ಕೈದು ದಿನ. ಬೂಸು ಹಿಡಿಯುವುದು ಮೊದಲು ಆ ನಾರಿಗೇ. ಹುರಿದು ಉಳಿದದ್ದು ಮರುದಿನ ಮೆತ್ತಗಾಗಿರುತ್ತದೆ, ಹಂಚಿನ ಮೇಲೆ ಎಣ್ಣೆಯಿಲ್ಲದೆ ಬಿಸಿ ಮಾಡಿ. ಇಲ್ಲವೇ ಕಿವುಚಿ, ಬೆಲ್ಲ, ಗೋದಿ ಹಿಟ್ಟು ಸೇರಿಸಿ ಗಾರಿಗೆ ಮಾಡಿ. ನೀರು ಮೊದಲೇ ಹೋಗಿರುವುದರಿಂದ ಹಿಟ್ಟು ಕಡಿಮೆ ಹಿಡಿಯುತ್ತದೆ.

ಬೀಜವನ್ನು ನೀರಿನಲ್ಲಿ ತಿಕ್ಕಿ ನಾರು ಬಿಡಿಸಿ, ಬಟ್ಟೆಯ ಮೇಲೆ ಒಂದು ದಿನ ಒಣಗಿಸಿ. ಓವನ್ ಆದರೆ 160 ಡಿಗ್ರಿ, 15 ನಿಮಿಷ. ಹಂಚಾದರೆ ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹುರಿಯಿರಿ. ಸಿಡಿಯುತ್ತವೆ, ಮುಖ ಹತ್ತಿರ ಒಯ್ಯಬೇಡಿ. ಸಿಡಿಯುವುದು ಕಡಿಮೆಯಾಗಿ ಬೀಜದ ಅಂಚು ಕೆಂಪಾದಾಗ ಇಳಿಸಿ, ಉಪ್ಪು ನೀರು ಚಿಮುಕಿಸಿ, ಆರಿದ ಮೇಲೆ ಡಬ್ಬಿಗೆ ಹಾಕಿ.