ಹೊತ್ತು ಹೋದಂತೆ ಎಒಡಿವಿ ಫಲಿತಾಂಶ ಸುಧಾರಿಸುತ್ತಿದ್ದರೆ
ಎಒಡಿವಿ ಅಂದರೆ ಚಲಿಸುವ ವೈರ್‌ಲೆಸ್ ಸಾಧನಗಳ ನಡುವೆ ಡೇಟಾ ಹೋಗುವ ದಾರಿ (ರೂಟ್) ಹುಡುಕುವ ಪ್ರೋಟೋಕಾಲ್. ಅದನ್ನು ಬದಲಿಸಿ ಸಿಮ್ಯುಲೇಶನ್ ಓಡಿಸಿದಾಗ ರೂಟ್ ಮುರಿಯುವುದು ಹೊತ್ತು ಹೋದಂತೆ ಕಡಿಮೆಯಾಗುತ್ತಿರುವುದು ಬಹುಶಃ ಎಒಡಿವಿಗೆ ನೀವು ಮಾಡಿದ ಬದಲಾವಣೆಯಿಂದಲ್ಲ, ರ‍್ಯಾಂಡಮ್ ವೇಪಾಯಿಂಟ್‌ನಲ್ಲಿ (ಪ್ರತಿ ನೋಡ್, ಅಂದರೆ ಸಾಧನ, ಯಾದೃಚ್ಛಿಕವಾಗಿ ಗುರಿ ಮತ್ತು ವೇಗ ಆರಿಸಿಕೊಂಡು ಚಲಿಸುವ ಮಾದರಿ) ಕನಿಷ್ಠ ವೇಗ 0 ಇಟ್ಟಿರುವುದರಿಂದ. ತೀರಾ ಕಡಿಮೆ ವೇಗ ಸಿಕ್ಕ ನೋಡ್ ದೂರದ ಗುರಿ ಮುಟ್ಟುವವರೆಗೂ ತೆವಳುತ್ತಲೇ ಇರುತ್ತದೆ, ಅಂಥವು ಒಂದೊಂದೇ ಸೇರಿಕೊಂಡು ಇಡೀ ನೆಟ್‌ವರ್ಕಿನ ಸರಾಸರಿ ವೇಗ ಇಳಿಯುತ್ತಾ ಹೋಗುತ್ತದೆ. ನನಗೂ ಹೀಗೇ ಆಗಿತ್ತು, ಸುಮ್ನೆ ಖುಷಿಪಟ್ಟಿದ್ದೆ. ಮೊದಲು ಕನಿಷ್ಠ ವೇಗವನ್ನು ಸೆಕೆಂಡಿಗೆ 1 ಮೀಟರ್ ಮಾಡಿ. ಆಮೇಲೆ ಸರಾಸರಿ ವೇಗ ಸಮಯದ ಜೊತೆ ಹೇಗೆ ಬದಲಾಗುತ್ತದೆ ಅಂತ ಗ್ರಾಫ್ ಹಾಕಿ, ಗೆರೆ ಸಮವಾಗುವ ಮುಂಚಿನ ಡೇಟಾ ಬಿಟ್ಟುಬಿಡಿ. ಮೂಲ ಎಒಡಿವಿಯನ್ನೂ ಅದೇ ಸೀಡ್‌ಗಳಲ್ಲಿ (ಯಾದೃಚ್ಛಿಕ ಸಂಖ್ಯೆಗಳ ಸರಣಿ ಶುರುಮಾಡುವ ಸಂಖ್ಯೆಗಳಲ್ಲಿ) ಓಡಿಸಿ. ಒಂದೇ ಸೀಡ್ ಸಾಲದು, 10 ಆದರೂ ಇರಲಿ. ಆಗಲೂ ನಿಮ್ಮದೇ ಮುಂದಿದ್ದರೆ ಸುಧಾರಣೆ ನಿಜ ಇರಬಹುದು. ಕೋಡ್ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.