ಒಂದು ಅಂಕದ ಸಿಟ್ಟು, ಮೂರು ವರ್ಷ ಮೊದಲೇ ಎತ್ತಿದ ಡ್ರಾ

ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನೆಲೆಸಿರುವ ಕನ್ನಡಿಗ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ಕಳೆದ ಸಂಚಿಕೆಯಲ್ಲಿ 2027ರ ರಗ್ಬಿ ವಿಶ್ವಕಪ್ ಡ್ರಾ, ಅಂದರೆ ಯಾವ ತಂಡ ಯಾವ ಗುಂಪಿಗೆ ಅಂತ ಚೀಟಿ ಎತ್ತಿದ್ದರ ಬಗ್ಗೆ ಬರೆಯುವಾಗ, ಹಿಂದಿನ ಸಲ ಕಪ್ ಗೆದ್ದ ದಕ್ಷಿಣ ಆಫ್ರಿಕಾವನ್ನು 'ಅರ್ಹ ಚಾಂಪಿಯನ್' ಅಂದಿದ್ದೀರಿ. ನಾನು ಒಪ್ಪಲ್ಲ. 2023ರ ಫೈನಲ್‌ನಲ್ಲಿ ನ್ಯೂಜಿಲೆಂಡನ್ನು ಸೋಲಿಸಿದ್ದು ರೆಫರಿ. ನಮ್ಮ ಕ್ಯಾಪ್ಟನ್‌ಗೆ ಕೆಂಪು ಕಾರ್ಡ್, ಅವರ ಕ್ಯಾಪ್ಟನ್‌ಗೆ ಬರೀ ಹಳದಿ. ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ ಒಂದೊಂದೇ ಅಂಕದಲ್ಲಿ ಗೆದ್ದವರನ್ನು ಲಾಟರಿ ಹೊಡೆದವರು ಅನ್ನಬೇಕಲ್ವಾ? ನಮ್ಮ ಆಫೀಸಿನಲ್ಲಿ ಒಬ್ಬ ದಕ್ಷಿಣ ಆಫ್ರಿಕಾದವನು, ಒಬ್ಬ ಐರ್ಲೆಂಡಿನವನು ಇದ್ದಾರೆ. ಮಧ್ಯಾಹ್ನ ಊಟಕ್ಕೆ ಕೂತರೆ ಇವತ್ತಿಗೂ ಇದೇ ಜಗಳ. ದಕ್ಷಿಣ ಆಫ್ರಿಕಾದವನು ಸುಮ್ಮನೆ ನಗುತ್ತಾ ಕೂರ್ತಾನೆ. ನೀವೇ ಒಂದು ತೀರ್ಮಾನ ಹೇಳಿ."

ಸಾರ್, ತೀರ್ಮಾನ ಹೇಳ್ತೀನಿ, ಆದರೆ ಅದು ನಿಮಗೆ ಹಿಡಿಸೋದು ಕಷ್ಟ.

ಮೊದಲು ನಿಮ್ಮ ಸಂಕಟ ಒಪ್ಪಿಕೊಂಡುಬಿಡೋಣ. 2023ರ ಅಕ್ಟೋಬರ್ 28ನೇ ತಾರೀಕು ನ್ಯೂಜಿಲೆಂಡಿಗೆ ನಿಜಕ್ಕೂ ಕೆಟ್ಟ ದಿನ. ಅವತ್ತು ಧರ್ಮಶಾಲಾದಲ್ಲಿ ಕ್ರಿಕೆಟ್ ವಿಶ್ವಕಪ್ ಮ್ಯಾಚು. ಆಸ್ಟ್ರೇಲಿಯಾ 388 ಹೊಡೆಯಿತು, ನ್ಯೂಜಿಲೆಂಡ್ 383ಕ್ಕೆ ನಿಂತಿತು. ಬೆಂಗಳೂರು ಮೂಲದ ನಮ್ಮ ರಚಿನ್ ರವೀಂದ್ರ 116 ಹೊಡೆದೂ ಐದು ರನ್ ಸಾಲದೆ ಹೋಯಿತು. ಅದೇ ರಾತ್ರಿ ಪ್ಯಾರಿಸ್ ಪಕ್ಕದ ಸ್ಟಾಡ್ ಡ ಫ್ರಾನ್ಸ್‌ನಲ್ಲಿ ರಗ್ಬಿ ಫೈನಲ್. ನಮಗಿಲ್ಲಿ ರಾತ್ರಿ ಹನ್ನೆರಡೂವರೆ, ನಿಮಗೆ ಅಲ್ಲಿ ಭಾನುವಾರ ಬೆಳಿಗ್ಗೆ ಎಂಟು ಗಂಟೆ. 12-11ರಿಂದ ಅದೂ ಹೋಯಿತು. 2019ರಲ್ಲಿ ಲಾರ್ಡ್ಸ್‌ನಲ್ಲಿ ಬೌಂಡರಿ ಲೆಕ್ಕ ಹಾಕಿ ಕಪ್ ಕಿತ್ತುಕೊಂಡಿದ್ದನ್ನೇ ಮರೆಯದ ಜನಕ್ಕೆ ಇದು ಎಷ್ಟು ಉರಿದಿರಬೇಕು ಅಂತ ಊಹಿಸಬಲ್ಲೆ.

ಇನ್ನು ಕಾರ್ಡಿನ ವಿಷಯ. ನಿಮ್ಮ ಕ್ಯಾಪ್ಟನ್ ಸ್ಯಾಮ್ ಕೇನ್ ದಕ್ಷಿಣ ಆಫ್ರಿಕಾದ ಜೆಸ್ಸಿ ಕ್ರೀಲ್‌ನನ್ನು ಹಿಡಿಯುವಾಗ ಬಗ್ಗಲಿಲ್ಲ, ನೆಟ್ಟಗೆ ನಿಂತೇ ಹೋದರು, ಹೊಡೆತ ತಲೆಗೆ ಬಿತ್ತು. ಮೊದಲು ಹಳದಿ ಕೊಟ್ಟರು, ಅಂದ್ರೆ ಹತ್ತು ನಿಮಿಷ ಹೊರಗೆ. ಆಮೇಲೆ ಬಂಕರ್ ಅನ್ನುವ ವ್ಯವಸ್ಥೆಗೆ ಕಳಿಸಿದರು. ಅಂದ್ರೆ ಮೈದಾನದ ಹೊರಗೆ ಕೂತ ಅಧಿಕಾರಿಯೊಬ್ಬರು ವಿಡಿಯೊ ನೋಡಿ ಎಂಟು ನಿಮಿಷದೊಳಗೆ 'ಹಳದಿಯೇ ಸಾಕು' ಅಥವಾ 'ಇದು ಕೆಂಪು' ಅಂತ ಹೇಳುತ್ತಾರೆ. ಕೇನ್‌ಗೆ ಕೆಂಪು ಬಂತು, ಅಂದ್ರೆ ಉಳಿದ ಆಟಕ್ಕೆಲ್ಲ ಹೊರಗೆ. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಪಡೆದ ಮೊದಲ ಆಟಗಾರ ಅವರು. ಎರಡನೇ ಅರ್ಧ ಶುರುವಾದ ಸ್ವಲ್ಪ ಹೊತ್ತಿಗೆ ಅವರ ಕ್ಯಾಪ್ಟನ್ ಸಿಯಾ ಕೊಲಿಸಿ ನಿಮ್ಮ ಆರ್ಡಿ ಸವೆಯಾಗೆ ಹೀಗೇ ತಲೆಗೆ ತಗುಲಿಸಿದರು. ಅದೂ ಬಂಕರ್‌ಗೆ ಹೋಯಿತು, ಹಳದಿಯಾಗಿಯೇ ಉಳಿಯಿತು. ಕೇನ್‌ಗೆ ಕೆಂಪು ಕೊಟ್ಟಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಎರಡು ಟ್ಯಾಕಲ್‌ಗಳ ನಡುವೆ ಕಾರ್ಡಿನ ಬಣ್ಣವೇ ಬೇರೆಯಾಗುವಷ್ಟು ವ್ಯತ್ಯಾಸ ನನಗೂ ಕಾಣಲಿಲ್ಲ. ಇಲ್ಲಿ ನಿಮ್ಮ ದೂರಿನಲ್ಲಿ ಹುರುಳಿದೆ. ನಿಮ್ಮ ಆರನ್ ಸ್ಮಿತ್ ಹಾಕಿದ ಟ್ರೈ (ಎದುರಾಳಿಯ ಗೋಲ್ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸೋದು, ಐದು ಅಂಕ) ರದ್ದಾಗಿದ್ದರಲ್ಲೂ ಹಾಗೇ. ಲೈನ್‌ಔಟ್‌ನಲ್ಲಿ, ಅಂದ್ರೆ ಪಕ್ಕದ ಗೆರೆ ದಾಟಿದ ಚೆಂಡನ್ನು ಮತ್ತೆ ಒಳಗೆ ಎಸೆದಾಗ, ಅದು ಕೈಯಿಂದ ಮುಂದಕ್ಕೆ ಜಾರಿದ್ದು ನಿಜ, ರಗ್ಬಿಯಲ್ಲಿ ಅದು ತಪ್ಪು. ಆದರೆ ವಿಡಿಯೊ ರೆಫರಿ ನಿಯಮ ಮೀರಿ ಅಷ್ಟು ಹಿಂದಕ್ಕೆ ಹೋಗಿದ್ದು ಯಾಕೆ ಅಂತ ನಿಮ್ಮವರು ಕೇಳ್ತಾರೆ. ಕೇಳಲಿ, ನ್ಯಾಯವಾದ ಪ್ರಶ್ನೆ.

ಆದರೆ ಸಾರ್, ಅದೇ ಮ್ಯಾಚಿನ ಎರಡನೇ ನಿಮಿಷದ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಸಾಲೂ ಇಲ್ಲವಲ್ಲ? ನಿಮ್ಮ ಶಾನನ್ ಫ್ರಿಜೆಲ್ ದಕ್ಷಿಣ ಆಫ್ರಿಕಾದ ಹುಕ್ಕರ್ ಬೊಂಗಿ ಎಂಬೊನಾಂಬಿಯ ಕಾಲ ಮೇಲೆ ಬಿದ್ದರು. ಫ್ರಿಜೆಲ್‌ಗೆ ಹಳದಿ ಕಾರ್ಡ್, ಎಂಬೊನಾಂಬಿಗೆ ಅವತ್ತಿನ ಆಟವೇ ಮುಗಿಯಿತು. ಇಲ್ಲಿಂದ ಕಥೆ ಸ್ವಲ್ಪ ಹಿಂದಕ್ಕೆ ಹೋಗುತ್ತೆ, ನನ್ನ ವಾದ ನಿಂತಿರೋದೂ ಇದರ ಮೇಲೆಯೇ, ಹಾಗಾಗಿ ತಾಳ್ಮೆಯಿಂದ ಓದಿ.

ಎರಡೂ ಕಡೆಯ ಎಂಟೆಂಟು ಜನ ಹೆಗಲು ಕೊಟ್ಟು ತಳ್ಳಾಡೋದು ಸ್ಕ್ರಮ್. ಹುಕ್ಕರ್ ಅಂದರೆ ಅದರ ಮುಂದಿನ ಸಾಲಿನಲ್ಲಿ ನಡುವೆ ನಿಲ್ಲುವವನು. ಲೈನ್‌ಔಟ್‌ನಲ್ಲಿ ಚೆಂಡು ಎಸೆಯುವವನೂ ಅವನೇ. ಅಭ್ಯಾಸ ಇಲ್ಲದವರು ನಿಂತು ಮಾಡುವ ಕೆಲಸ ಅಲ್ಲ. ದಕ್ಷಿಣ ಆಫ್ರಿಕಾಕ್ಕೆ ಈ ಜಾಗದಲ್ಲಿ ಮಾಲ್ಕಂ ಮಾರ್ಕ್ಸ್ ಅನ್ನುವ ದೈತ್ಯ ಇದ್ದ. ಟೂರ್ನಿಯ ಶುರುವಿನಲ್ಲೇ ಪ್ರಾಕ್ಟೀಸ್ ಮಾಡುವಾಗ ಮಂಡಿ ಪೆಟ್ಟಾಗಿ ಮನೆಗೆ ಹೋದ. ಅವನ ಬದಲಿಗೆ ಇನ್ನೊಬ್ಬ ಹುಕ್ಕರ್‌ನನ್ನು ಕರೆಸಬೇಕು, ಅಲ್ವಾ? ಅವರು ಕರೆಸಿದ್ದು ಹಾಂದ್ರೆ ಪೊಲಾರ್ಡ್‌ನನ್ನು. ಕಿಕ್ ಹೊಡೆಯುವವನನ್ನು! ಗಾಯದಿಂದ ಚೇತರಿಸಿಕೊಳ್ಳುತ್ತಿದ್ದ ಕಾರಣ ಮೊದಲ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಆಗ ಕಿಕ್ ಹೊಡೆಯುತ್ತಿದ್ದ ಮಾನಿ ಲಿಬ್ಬೊಕ್ ಒಳ್ಳೆ ಆಟಗಾರ, ಆದರೆ ಕಂಬಗಳ ನಡುವೆ ಹೋಗಬೇಕಾದ ಚೆಂಡು ಆಗಾಗ ಪಕ್ಕಕ್ಕೆ ಹೋಗುತ್ತಿತ್ತು. ಲೆಕ್ಕ ಸ್ಪಷ್ಟ. ಹುಕ್ಕರ್ ಕೈಕೊಟ್ಟರೆ ಹೇಗಾದರೂ ಸುಧಾರಿಸಬಹುದು, ಕಿಕ್ ಕೈಕೊಟ್ಟರೆ ಕಪ್ಪೇ ಹೋಗುತ್ತೆ.

ಆ ಲೆಕ್ಕದ ಎರಡೂ ಮುಖ ಫೈನಲ್‌ನಲ್ಲಿ ಒಟ್ಟಿಗೇ ಕಾಣಿಸಿತು. ಇದ್ದ ಒಬ್ಬ ಹುಕ್ಕರ್ ಹೊರಗೆ ಹೋದ. ಒಳಗೆ ಬಂದಿದ್ದು 37 ವರ್ಷದ ಡಿಯಾನ್ ಫೂರಿ, ಆ ಹೊತ್ತಿಗೆ ಫ್ಲ್ಯಾಂಕರ್ ಆಗಿ, ಅಂದರೆ ಸ್ಕ್ರಮ್‌ನ ಅಂಚಿನಲ್ಲಿ ನಿಂತು, ಆಡಿಕೊಂಡಿದ್ದವನು. ಹೆಚ್ಚುಕಮ್ಮಿ ಇಡೀ ಮ್ಯಾಚು ಅವನೇ ಹುಕ್ಕರ್. ಲೈನ್‌ಔಟ್ ತಡವರಿಸಿತು, ಚೆಂಡು ಕಳೆದುಕೊಂಡರು, ನೋಡೋಕೇ ಒದ್ದಾಟ. ಇನ್ನೊಂದು ಕಡೆ, ಅವತ್ತು ದಕ್ಷಿಣ ಆಫ್ರಿಕಾ ಗಳಿಸಿದ 12 ಅಂಕಗಳೂ ಪೊಲಾರ್ಡ್ ಕಾಲಿನಿಂದಲೇ ಬಂದವು. ನಾಲ್ಕು ಪೆನಾಲ್ಟಿ, ನಾಲ್ಕೂ ಒಳಗೆ, ಎಲ್ಲವೂ ಮೊದಲ ಅರ್ಧದಲ್ಲೇ. ಎರಡನೇ ಅರ್ಧದಲ್ಲಿ ಅವರಿಗೆ ಒಂದು ಅಂಕವೂ ಸಿಗಲಿಲ್ಲ. ಸುಮ್ನೆ ಗೋಡೆ ಕಟ್ಟಿಕೊಂಡು ನಿಂತರು. ಪೀಟರ್-ಸ್ಟೆಫ್ ಡು ಟಾಯ್ ಒಬ್ಬನೇ 28 ಟ್ಯಾಕಲ್ ಮಾಡಿದ.

ಈಗ ನಿಮ್ಮ ಕಡೆಯ ಕಿಕ್ ನೋಡಿ. ಬೋಡನ್ ಬ್ಯಾರೆಟ್ ಟ್ರೈ ಹಾಕಿದಾಗ ಸ್ಕೋರು 12-11. ಕನ್ವರ್ಷನ್, ಅಂದ್ರೆ ಟ್ರೈ ಆದ ಮೇಲೆ ಸಿಗುವ ಎರಡು ಅಂಕದ ಕಿಕ್, ಒಳಗೆ ಹೋಗಿದ್ದರೆ 13-12, ನೀವು ಮುಂದೆ. ರಿಚಿ ಮೊವುಂಗಾ ಹೊಡೆದಿದ್ದು ಹೊರಗೆ ಹೋಯಿತು. ಏಳೆಂಟು ನಿಮಿಷ ಉಳಿದಿರುವಾಗ ದಕ್ಷಿಣ ಆಫ್ರಿಕಾದ ಚೆಸ್ಲಿನ್ ಕೋಲ್ಬಿ ಬೇಕಂತಲೇ ಚೆಂಡನ್ನು ಕೈಯಿಂದ ತಟ್ಟಿ ಹಳದಿ ಕಾರ್ಡ್ ತಗೊಂಡ. ಹೋಗಿ ಕುರ್ಚಿಯಲ್ಲಿ ಕೂತು ಜೆರ್ಸಿಯನ್ನು ಮುಖದ ಮೇಲೆ ಎಳೆದುಕೊಂಡ, ನೋಡೋ ಧೈರ್ಯವೇ ಇರಲಿಲ್ಲ ಅವನಿಗೆ. ಆ ಪೆನಾಲ್ಟಿ ಜೋರ್ಡಿ ಬ್ಯಾರೆಟ್ ಹೊಡೆದರು. ದೂರ ಜಾಸ್ತಿ, ಆದರೂ ಹೊಡೆಯಬಲ್ಲ ಕಾಲು. ಅದೂ ಪಕ್ಕಕ್ಕೆ ಹೋಯಿತು. ಇಂಗ್ಲೆಂಡಿನ ರೆಫರಿ ವೇಯ್ನ್ ಬಾರ್ನ್ಸ್ ಅಲ್ಲಿ ಏನು ಮಾಡಬೇಕಿತ್ತು ಹೇಳಿ? ಅವರು ನಿಮಗೆ ಪೆನಾಲ್ಟಿ ಕೊಟ್ಟಿದ್ದರು, ಎದುರಾಳಿಯೊಬ್ಬನನ್ನು ಹೊರಗೂ ಕಳಿಸಿದ್ದರು.

ಬಾರ್ನ್ಸ್ ಮೇಲೆ ನ್ಯೂಜಿಲೆಂಡಿನವರಿಗೆ 2007ರಿಂದ ಹಗೆ ಇದೆ ಅಂತ ಗೊತ್ತು. ಕಾರ್ಡಿಫ್‌ನ ಕ್ವಾರ್ಟರ್ ಫೈನಲ್, ಫ್ರಾನ್ಸ್‌ಗೆ 20-18ರಿಂದ ಸೋತಿದ್ದು, ಅವತ್ತು ಅವರ ಕಣ್ಣಿಗೆ ಬೀಳದ ಫಾರ್ವರ್ಡ್ ಪಾಸು (ಚೆಂಡನ್ನು ಮುಂದಕ್ಕೆ ಎಸೆಯೋದು, ಅದೂ ತಪ್ಪೇ). ಆದರೆ 2023ರಲ್ಲಿ ಐರ್ಲೆಂಡ್ ವಿರುದ್ಧ ನೀವು 28-24ರಿಂದ ಗೆದ್ದ ಕ್ವಾರ್ಟರ್ ಫೈನಲ್‌ಗೂ ಇದೇ ಬಾರ್ನ್ಸ್ ರೆಫರಿ. ಅವತ್ತು ನಿಮ್ಮವರು ಯಾರೂ ದೂರು ಹೇಳಿದ್ದು ನೆನಪಿಲ್ಲ. ಫೈನಲ್ ಆದ ಮೇಲೆ ಅವರಿಗೂ ಅವರ ಮನೆಯವರಿಗೂ ಬೆದರಿಕೆ ಬಂದವು. ಕೆಲವೇ ದಿನಗಳಲ್ಲಿ ಅವರು ನಿವೃತ್ತಿ ಹೇಳಿದರು. ವಿಡಿಯೊ ರೆಫರಿ ಟಾಮ್ ಫೋಲಿ ಕೂಡ ಇದೇ ಬೈಗುಳಕ್ಕೆ ಬೇಸತ್ತು ಅಂತರರಾಷ್ಟ್ರೀಯ ಪಂದ್ಯಗಳಿಂದ ಹಿಂದೆ ಸರಿದರು. ನೀವು ಆ ಪೈಕಿ ಅಲ್ಲ ಅಂತ ಗೊತ್ತು. ಆದರೂ 'ರೆಫರಿಯೇ ಸೋಲಿಸಿದ' ಅನ್ನುವ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತೆ ಅನ್ನೋದನ್ನ ಹೇಳಲೇಬೇಕು.

ಒಂದು ತಮಾಷೆ ಕೇಳಿ. ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸ್ ದಕ್ಷಿಣ ಆಫ್ರಿಕಾಕ್ಕೆ 29-28ರಿಂದ ಸೋತಾಗ ಅಲ್ಲಿನ ಕ್ಯಾಪ್ಟನ್ ಆಂಟ್ವಾನ್ ಡ್ಯುಪಾಂ ಕೂಡ ರೆಫರಿ ಈ ಮಟ್ಟದ ಮ್ಯಾಚಿಗೆ ತಕ್ಕವರಾಗಿರಲಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ಆ ರೆಫರಿ ಬೆನ್ ಓಕೀಫ್ ಯಾವ ದೇಶದವರು? ನಿಮ್ಮ ನ್ಯೂಜಿಲೆಂಡ್. ಅದರ ಮೇಲೆ ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡಿದ ಡಾಕ್ಟರು! ಕಣ್ಣಿನ ಡಾಕ್ಟರಿಗೇ ಕಣ್ಣು ಕಾಣಲ್ಲ ಅಂತ ಫ್ರೆಂಚ್ ಅಭಿಮಾನಿಗಳು ಆಡಿಕೊಂಡರೆ ತಪ್ಪು ಹೇಳೋಕಾಗಲ್ಲ. ಅಂದ್ರೆ ಫ್ರೆಂಚರ ಪ್ರಕಾರ ದಕ್ಷಿಣ ಆಫ್ರಿಕಾವನ್ನು ಗೆಲ್ಲಿಸಿದ್ದು ಒಬ್ಬ ನ್ಯೂಜಿಲೆಂಡಿನವ, ನಿಮ್ಮ ಪ್ರಕಾರ ಒಬ್ಬ ಇಂಗ್ಲೆಂಡಿನವ. ಸೋತ ಇಂಗ್ಲೆಂಡಿನವರು ಮತ್ತೆ ಓಕೀಫ್ ಕಡೆಗೇ ಬೆರಳು ತೋರಿಸ್ತಾರೆ, ಯಾಕಂದ್ರೆ ಸೆಮಿಫೈನಲ್‌ಗೂ ಅವರೇ ರೆಫರಿ. ಎಲ್ಲರೂ ಸೇರಿ ಸಂಚು ಮಾಡಿದ್ದರೆ ಅದಕ್ಕೇ ಒಂದು ಕಪ್ ಕೊಡಬೇಕಿತ್ತು.

ಫ್ರಾನ್ಸ್ ಸೋತಿದ್ದು ಎಲ್ಲಿ ಅಂತ ಕೇಳಿದರೆ ನಾನು ಮೊದಲ ಅರ್ಧದ ಒಂದು ಕ್ಷಣ ತೋರಿಸ್ತೀನಿ. ತೊಮಾ ರಾಮೊಸ್ ಕನ್ವರ್ಷನ್‌ಗೆ ಚೆಂಡಿಟ್ಟುಕೊಂಡು ನಿಂತಿದ್ದರು. ಎದುರಾಳಿಗಳು ಗೋಲ್ ಗೆರೆಯ ಹಿಂದೆ ನಿಲ್ಲಬೇಕು, ಕಿಕ್ ಹೊಡೆಯುವವನು ಹೆಜ್ಜೆ ಇಟ್ಟ ಮೇಲೆ ಓಡಿ ಬರಬಹುದು. ಸಾಮಾನ್ಯವಾಗಿ ಯಾರೂ ಮನಸ್ಸಿಟ್ಟು ಓಡಲ್ಲ, ಶಾಸ್ತ್ರಕ್ಕೆ ನಾಲ್ಕು ಹೆಜ್ಜೆ ಹಾಕಿ ನಿಂತುಬಿಡ್ತಾರೆ. ಕೋಲ್ಬಿ ಮಾತ್ರ ರಾಮೊಸ್ ಅಲುಗಾಡೋದನ್ನೇ ಕಾದು ಬಾಣದ ಹಾಗೆ ಬಂದು ಚೆಂಡು ಮೇಲೇಳುವಾಗಲೇ ತಡೆದುಬಿಟ್ಟ. ಹೋದದ್ದು ಎರಡು ಅಂಕ. ಮ್ಯಾಚು ಸೋತಿದ್ದು ಒಂದು ಅಂಕದಿಂದ. ಸೆಮಿಫೈನಲ್‌ನಲ್ಲೂ ಅಷ್ಟೇ. ಮಳೆಯಲ್ಲಿ ಇಂಗ್ಲೆಂಡ್ 15-6 ಮುಂದಿತ್ತು. ಲಿಬ್ಬೊಕ್‌ನನ್ನು ಅರ್ಧ ಗಂಟೆಗೇ ಹೊರಗೆ ಕರೆಸಿ ಪೊಲಾರ್ಡ್‌ನನ್ನು ಕಳಿಸಿದರು, ಅದಕ್ಕೂ ಗಟ್ಟಿ ಎದೆ ಬೇಕು. ಕೊನೆಗೆ ಬೆಂಚಿನಿಂದ ಬಂದ ಆಕ್ಸ್ ಎನ್ಶೆ ಸ್ಕ್ರಮ್‌ನಲ್ಲಿ ಇಂಗ್ಲೆಂಡನ್ನು ಹಿಂದಕ್ಕೆ ತಳ್ಳಿದ, ಪೆನಾಲ್ಟಿ ಸಿಕ್ಕಿತು, ಹೆಚ್ಚುಕಮ್ಮಿ ಐವತ್ತು ಮೀಟರಿನಿಂದ ಪೊಲಾರ್ಡ್ ಒಳಗೆ ಹಾಕಿದ. 16-15. ಒಂದು ಸಲ ಒಂದು ಅಂಕದಿಂದ ಗೆದ್ದರೆ ಅದೃಷ್ಟ ಅನ್ನಬಹುದು. ಮೂರು ವಾರಾಂತ್ಯ ಸಾಲಾಗಿ ಗೆದ್ದರೆ, ಕೊನೆಯ ಹತ್ತು ನಿಮಿಷಕ್ಕೆ ಅಂತಲೇ ಅವರು ತಂಡ ಕಟ್ಟಿದ್ದರು ಅಂತ ಅರ್ಥ. ಫೈನಲ್‌ಗೆ ಬೆಂಚಿನಲ್ಲಿ ಕೂರಿಸಿದ ಎಂಟು ಜನರಲ್ಲಿ ಏಳು ಜನ ಫಾರ್ವರ್ಡ್‌ಗಳು, ಅಂದ್ರೆ ಸ್ಕ್ರಮ್ ತಳ್ಳುವವರು. ಹಿಂದಿನ ಸಾಲಿನಲ್ಲಿ ಇಬ್ಬರಿಗೆ ಗಾಯವಾದರೆ ಗತಿ ಏನು ಅಂತ ನಾವು ಟಿವಿ ಮುಂದೆ ಕೂತು ಕೇಳೋ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ ಅಂತೀರಾ?

ಹಾಗಂತ ಆ ವಿಶ್ವಕಪ್‌ನಲ್ಲಿ ಅನ್ಯಾಯವೇ ಆಗಲಿಲ್ಲ ಅಂತ ಹೇಳ್ತಿಲ್ಲ. ಆಯಿತು. ಆದರೆ ಅದು ಫೈನಲ್ ದಿನ ಆಗಿದ್ದಲ್ಲ, 2020ರ ಡಿಸೆಂಬರ್‌ನಲ್ಲಿ ಆಗಿದ್ದು. ಟೂರ್ನಿಗೆ ಸುಮಾರು ಮೂರು ವರ್ಷ ಮೊದಲೇ ಡ್ರಾ ಎತ್ತಿಬಿಟ್ಟರು. ಅದಕ್ಕೆ ಹಿಡಿದಿದ್ದು 2020ರ ಜನವರಿಯ ರ‍್ಯಾಂಕಿಂಗ್, ಯಾಕಂದ್ರೆ ಕೊರೊನಾದಿಂದ ಆ ವರ್ಷ ಮ್ಯಾಚುಗಳೇ ಸರಿಯಾಗಿ ನಡೆಯಲಿಲ್ಲ. ವೇಲ್ಸ್ ಆಗ ನಾಲ್ಕನೇ ಸ್ಥಾನ, ಫ್ರಾನ್ಸ್ ಏಳನೇದು. 2023ರ ಸೆಪ್ಟೆಂಬರ್ ಬರುವ ಹೊತ್ತಿಗೆ ಎಲ್ಲ ತಲೆಕೆಳಗು. ಐರ್ಲೆಂಡ್, ದಕ್ಷಿಣ ಆಫ್ರಿಕಾ, ಫ್ರಾನ್ಸ್, ನ್ಯೂಜಿಲೆಂಡ್, ಸ್ಕಾಟ್ಲೆಂಡ್, ಅಂದರೆ ಮೊದಲ ಐದೂ ತಂಡಗಳು ಡ್ರಾದ ಒಂದೇ ಕಡೆ, ಅವರಲ್ಲಿ ಇಬ್ಬರಿಗೆ ಮಾತ್ರ ಸೆಮಿಫೈನಲ್! ಸ್ಕಾಟ್ಲೆಂಡ್ ಗುಂಪಿನಲ್ಲೇ ಮುಗಿಯಿತು. ಐರ್ಲೆಂಡ್, ಫ್ರಾನ್ಸ್ ಕ್ವಾರ್ಟರ್ ಫೈನಲ್‌ಗೆ ಮನೆಗೆ. ಇನ್ನೊಂದು ಕಡೆಯಿಂದ ಅರ್ಜೆಂಟೀನಾ ಸೆಮಿಫೈನಲ್‌ಗೆ ಬಂದು ನಿಮ್ಮ ಕೈಯಲ್ಲಿ 44-6 ಹೊಡೆಸಿಕೊಂಡಿತು. ಆ ಸೆಮಿಫೈನಲ್ ನೋಡಿದವರಿಗೆ ನಿದ್ದೆ ಬಂದಿದ್ದರೆ ತಪ್ಪು ಡ್ರಾ ಎತ್ತಿದವರದು.

ಅದಕ್ಕೇ ನಿಮ್ಮ ಊಟದ ಮೇಜಿನ ಮೂವರಲ್ಲಿ ನನಗೆ ಜಾಸ್ತಿ ಕನಿಕರ ಇರೋದು ಆ ಐರ್ಲೆಂಡಿನವರ ಮೇಲೆ. ಅವರು ಕ್ವಾರ್ಟರ್ ಫೈನಲ್‌ಗೆ ಬಂದಿದ್ದು ನಂಬರ್ ಒನ್ ತಂಡವಾಗಿ, ಸಾಲಾಗಿ 17 ಮ್ಯಾಚು ಗೆದ್ದುಕೊಂಡು. ಚಾಂಪಿಯನ್ ಆದ ದಕ್ಷಿಣ ಆಫ್ರಿಕಾವನ್ನು ಗುಂಪಿನ ಹಂತದಲ್ಲಿ 13-8ರಿಂದ ಸೋಲಿಸಿದವರು. ಕ್ವಾರ್ಟರ್ ಫೈನಲ್‌ನ ಕೊನೆಗೆ ನಾಲ್ಕು ಅಂಕ ಹಿಂದಿದ್ದು, ಚೆಂಡು ಬಿಡದೆ 37 ಫೇಸ್ ಆಡಿದರು. ಹಿಡಿ, ಬೀಳು, ಎದ್ದು ಮತ್ತೆ ಹಿಡಿ. ಸಮಯ ಮುಗಿದ ಮೇಲೂ ಆಟ ನಿಲ್ಲಲಿಲ್ಲ. ಕೊನೆಗೆ ನಿಮ್ಮ ಸ್ಯಾಮ್ ವೈಟ್‌ಲಾಕ್ ಬಗ್ಗಿ ಚೆಂಡಿಗೆ ಕೈಹಾಕಿ ಪೆನಾಲ್ಟಿ ಗೆದ್ದರು, ಮುಗೀತು. ಐರ್ಲೆಂಡಿಗೆ ಅದು ವಿಶ್ವಕಪ್‌ನಲ್ಲಿ ಎಂಟನೇ ಕ್ವಾರ್ಟರ್ ಫೈನಲ್ ಸೋಲು. ಒಂದೇ ಒಂದು ಸಲವೂ ಸೆಮಿಫೈನಲ್ ನೋಡಿಲ್ಲ. ನೀವು ಮೂರು ಕಪ್ ಗೆದ್ದವರು, 1987, 2011, 2015. ಆತನ ಎದುರು ಕೂತು ನಮಗೆ ಅನ್ಯಾಯವಾಯ್ತು ಅನ್ನೋಕೆ ನಾಲಿಗೆ ಹೇಗೆ ಬರುತ್ತೋ.

ಆಸ್ಟ್ರೇಲಿಯಾದವರ ಮಾತು ಬಿಡಿ. ವೇಲ್ಸ್ ಕೈಯಲ್ಲಿ 40-6, ಫಿಜಿ ಕೈಯಲ್ಲಿ 22-15, ಮೊದಲ ಸಲ ಗುಂಪಿನಲ್ಲೇ ಔಟ್. ಅವರಿಗೆ ರೆಫರಿಯನ್ನು ಬಯ್ಯುವ ಅವಕಾಶವೂ ಇರಲಿಲ್ಲ, ಕೋಚ್ ಎಡ್ಡಿ ಜೋನ್ಸ್‌ರನ್ನೇ ಬೈದರು.

ಇನ್ನು ದಕ್ಷಿಣ ಆಫ್ರಿಕಾದ ನಿಮ್ಮ ಸಹೋದ್ಯೋಗಿ ಸುಮ್ಮನೆ ನಗುತ್ತಾ ಕೂರ್ತಾರೆ ಅಂತ ಬರೆದಿದ್ದೀರಿ. ಕೂರಲಿ ಬಿಡಿ. ನಾಲ್ಕು ಕಪ್ ಗೆದ್ದ ಏಕೈಕ ದೇಶ ಅವರದು. 2025ರ ಸೆಪ್ಟೆಂಬರ್‌ನಲ್ಲಿ ನಿಮ್ಮ ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ಅವರ ವಿರುದ್ಧ ನೀವು 24-17ರಿಂದ ಗೆದ್ದಿರಿ, 1994ರಿಂದ ಅಲ್ಲಿ ಸೋತಿಲ್ಲ ಅನ್ನೋ ಹೆಮ್ಮೆ ಉಳಿಯಿತು. ಮುಂದಿನ ವಾರವೇ ವೆಲ್ಲಿಂಗ್ಟನ್‌ನಲ್ಲಿ ಅವರು 43-10ರಿಂದ ಗೆದ್ದರು. ಆ 33 ಅಂಕದ ಅಂತರಕ್ಕೂ ಯಾವ ರೆಫರಿ ಕಾರಣ ಅಂತ ಕೇಳೋಕೆ ಅವರು ಕಾಯ್ತಿರಬಹುದು.

ಡ್ರಾ ವಿಷಯದಲ್ಲಿ ಒಂದು ಒಳ್ಳೆಯದಾಗಿದೆ. 2027ಕ್ಕೆ ಆಸ್ಟ್ರೇಲಿಯಾದಲ್ಲಿ 24 ತಂಡ, ಆರು ಗುಂಪು. ಈ ಸಲ ಡ್ರಾ ಎತ್ತಿದ್ದು 2025ರ ಡಿಸೆಂಬರ್‌ನಲ್ಲಿ, ಟೂರ್ನಿಗೆ ಎರಡು ವರ್ಷದೊಳಗೆ. ಇನ್ನೂ ತಡವಾಗಿ ಮಾಡಬಹುದಿತ್ತು ಅನ್ನೋದು ನನ್ನ ಅಭಿಪ್ರಾಯ, ಆದರೂ ಹಿಂದಿನದಕ್ಕಿಂತ ವಾಸಿ. ಐರ್ಲೆಂಡಿಗೆ ಸತತ ಮೂರನೇ ವಿಶ್ವಕಪ್‌ನಲ್ಲೂ ಸ್ಕಾಟ್ಲೆಂಡ್ ಜೊತೆ ಒಂದೇ ಗುಂಪು. ನಿಮ್ಮ ಗುಂಪಿನಲ್ಲಿ ಆತಿಥೇಯ ಆಸ್ಟ್ರೇಲಿಯಾ ಇದೆ. ಆ ಮ್ಯಾಚಿಗೆ ಟಿಕೆಟ್ ಸಿಕ್ಕರೆ ಮೈದಾನದಿಂದಲೇ ನಮಗೊಂದು ವರದಿ ಬರೆದು ಕಳಿಸಿ. ಒಂದೇ ಷರತ್ತು, ಅರ್ಧ ಪುಟಕ್ಕಿಂತ ಹೆಚ್ಚು ರೆಫರಿ ಬಗ್ಗೆ ಇರಬಾರದು.

— ಸಂಪಾದಕ