ಬ್ಯಾಂಡ್ ಒಡೆದ ಮೇಲೆ ಗೆದ್ದ ಹಾಡು

ಶಿವಮೊಗ್ಗದ ಓದುಗರೊಬ್ಬರ ಪತ್ರ: "ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಯಾವುದೋ ವಿದೇಶಿ ರೇಡಿಯೊ ಹಾಕಿದ್ದೆ. 1968ರ ರಾಕ್ ಹಾಡೊಂದು ಬಂತು. ಬೀಟಲ್ಸ್ ಕಾಲದ್ದೆಲ್ಲ ಕೇಳಿದ್ದೇನೆ ಅಂದುಕೊಂಡಿದ್ದ ನನಗೂ ಅದು ಹೊಸದು. ಒಳ್ಳೆಯ ಹಾಡು ತಾನಾಗಿ ಉಳಿಯುತ್ತದೆ ಅಂತಾರಲ್ಲ, ಇದು ಇಷ್ಟು ವರ್ಷ ಎಲ್ಲಿತ್ತು?"

ಸಂಪಾದಕರ ಉತ್ತರ:

ತಾನಾಗಿ ಉಳಿಯುತ್ತದೆ ಅನ್ನುವುದನ್ನು ನಾನು ನಂಬುವುದಿಲ್ಲ. ಯಾರಾದರೂ ಅದನ್ನು ಮತ್ತೆ ಹಾಕಬೇಕು. ಹಾಡಿನ ಹೆಸರನ್ನು ನೀವು ಬರೆದಿಲ್ಲ. ಹಾಗಾಗಿ ಅದೇ ವರ್ಷದ, ನನಗಿಷ್ಟವಾದ ಒಂದು ಕಥೆ ಹೇಳುತ್ತೇನೆ.

ಇಂಗ್ಲೆಂಡಿನ ಜಾಂಬೀಸ್ ಬ್ಯಾಂಡ್ 1967ರಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೊಗೆ ಹೋಯಿತು. ಬೀಟಲ್ಸ್ ಅಲ್ಲಿ 'ಸಾರ್ಜೆಂಟ್ ಪೆಪರ್' ಆಲ್ಬಮ್ ಮುಗಿಸಿ ಹೆಚ್ಚು ದಿನವಾಗಿರಲಿಲ್ಲ. ಇವರ ಕೈಯಲ್ಲಿ ಕಾಸು ಕಡಿಮೆ. ಹಾಡು ಬರೆಯುತ್ತಿದ್ದ ರಾಡ್ ಆರ್ಜೆಂಟ್ ಮತ್ತು ಕ್ರಿಸ್ ವೈಟ್ ಹಾಡುಗಳ ಸ್ಟೀರಿಯೊ ಆವೃತ್ತಿ ಮಾಡಿಸಲು ತಮ್ಮ ಜೇಬಿನಿಂದಲೇ ದುಡ್ಡು ಹಾಕಿದರು. ಆಲ್ಬಮ್ಮಿನ ಹೆಸರು 'ಒಡಿಸ್ಸಿ ಅಂಡ್ ಒರಾಕಲ್'. ಹೊದಿಕೆಯ ಚಿತ್ರ ಬರೆದ ಕಲಾವಿದರು ಮೊದಲ ಪದದ ಸ್ಪೆಲ್ಲಿಂಗ್ ತಪ್ಪು ಬರೆದರು, ಅದು ಹಾಗೇ ಅಚ್ಚಾಯಿತು. (ನಮ್ಮ ಕಚೇರಿಯಲ್ಲಿ ಇದಕ್ಕೆ ನಗುವ ಧೈರ್ಯ ಯಾರಿಗೂ ಇಲ್ಲ.)

ಆ ವರ್ಷದ ಕೊನೆಗೆ ಬ್ಯಾಂಡೇ ಒಡೆಯಿತು. ಆಲ್ಬಮ್ ಬಂದದ್ದು 1968ರ ಏಪ್ರಿಲ್‌ನಲ್ಲಿ. ಬ್ರಿಟನ್ನಿನಲ್ಲಿ ಅದು ಓಡಲಿಲ್ಲ. ಗಾಯಕ ಕಾಲಿನ್ ಬ್ಲನ್‌ಸ್ಟೋನ್ ವಿಮಾ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡರು.

ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್‌ನಲ್ಲಿದ್ದ ಸಂಗೀತಗಾರ ಅಲ್ ಕೂಪರ್ ಮಾತ್ರ ಇದನ್ನು ಕೇಳಿ, ಇಲ್ಲಿ ಬಿಡುಗಡೆ ಮಾಡಲೇಬೇಕು ಅಂತ ಪಟ್ಟು ಹಿಡಿದರು. 'ಟೈಮ್ ಆಫ್ ದಿ ಸೀಸನ್' ಅಲ್ಲಿನ ರೇಡಿಯೊದಲ್ಲಿ ನಿಧಾನಕ್ಕೆ ಮೇಲೆ ಬಂತು. 1969ರಲ್ಲಿ ಅಮೆರಿಕದ ಹಿಟ್ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 3ನೇ ಸ್ಥಾನ! ಆದರೆ ವೇದಿಕೆ ಹತ್ತಲು ಬ್ಯಾಂಡ್ ಎಲ್ಲಿದೆ? ಅವರ ಹೆಸರು ಹೇಳಿಕೊಂಡು ನಕಲಿ ಬ್ಯಾಂಡುಗಳು ಅಮೆರಿಕ ಸುತ್ತಿದವು. ಅಸಲಿಯವರು ರಾಕ್ ಸಾಧಕರ ಗೌರವ ಪಟ್ಟಿಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದ್ದು 2019ರಲ್ಲಿ.

ಇನ್ನು, ಹಾಡು ಉಳಿಯಲು ಯಾರಾದರೂ ಅದನ್ನು ಹಾಕಬೇಕು ಅಂದೆನಲ್ಲ, ಆ ರೇಡಿಯೊ ವಿಷಯ. ಆಗ ಅಮೆರಿಕದ ಎಎಂ ಕೇಂದ್ರಗಳು ಹಿಟ್ ಆದ ಚಿಕ್ಕ ಹಾಡುಗಳನ್ನೇ ಸುತ್ತಿ ಸುತ್ತಿ ಹಾಕುತ್ತಿದ್ದವು. ಎಷ್ಟೋ ಎಫ್‌ಎಂ ಕೇಂದ್ರಗಳಲ್ಲೂ ಬರುತ್ತಿದ್ದದ್ದು ಅದೇ ಕಾರ್ಯಕ್ರಮ. ದೊಡ್ಡ ಊರುಗಳಲ್ಲಿ ಹೀಗೆ ಪೂರ್ತಿ ನಕಲು ಮಾಡಬಾರದು ಅಂತ ಸರ್ಕಾರಿ ನಿಯಮ ಬಂತು. ಖಾಲಿಯಾದ ಹೊತ್ತಿಗೆ ಏನಾದರೂ ತುಂಬಬೇಕಲ್ಲ? ಸ್ಯಾನ್ ಫ್ರಾನ್ಸಿಸ್ಕೊದ ಕೆಎಂಪಿಎಕ್ಸ್ ಕೇಂದ್ರದಲ್ಲಿ ಟಾಮ್ ಡೊನಾಹ್ಯೂ 1967ರಲ್ಲಿ ಹಿಟ್ ಪಟ್ಟಿಯನ್ನು ಬದಿಗಿಟ್ಟು, ಎಲ್‌ಪಿಗಳಿಂದ (ಇಡೀ ಆಲ್ಬಮ್ ಹಿಡಿಯುವ ದೊಡ್ಡ ರೆಕಾರ್ಡುಗಳು) ತಮಗಿಷ್ಟವಾದ ಹಾಡು ಹಾಕತೊಡಗಿದರು. ರಾಕ್ ಸಂಗೀತಕ್ಕೆ ಸರ್ಕಾರದಿಂದ ಆದ ಉಪಕಾರ ಇದೊಂದೇ ಇರಬೇಕು.

ಹಾಗಂತ ಮರೆತುಹೋದದ್ದೆಲ್ಲ ಬಂಗಾರವಲ್ಲ. ಅಮೆರಿಕದ ಸಂಗೀತಗಾರ ಲೆನ್ನಿ ಕೇ ಆ ಕಾಲದ 27 ಹಾಡುಗಳನ್ನು ಆರಿಸಿ 1972ರಲ್ಲಿ 'ನಗೆಟ್ಸ್' ಅಂತ ಎರಡು ಎಲ್‌ಪಿಗಳ ಸಂಗ್ರಹ ತಂದರು. ಒಳ್ಳೆಯ ಕೆಲಸವೇ. ಆದರೂ ಅದರಲ್ಲಿ ನಾಲ್ಕೈದು ಕಳೆದೇ ಹೋಗಿದ್ದರೆ ನಾನಂತೂ ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಮುಂದಿನ ಸಲ ನಿದ್ದೆ ಬರದಿದ್ದರೆ ಜಾಂಬೀಸ್ ಆಲ್ಬಮ್ಮಿನ ಮೊದಲ ಹಾಡು 'ಕೇರ್ ಆಫ್ ಸೆಲ್ 44' ಹಾಕಿ. ರಾಗ ಕೇಳಿದರೆ ಸುಮ್ನೆ ಒಂದು ಖುಷಿಯ ಪ್ರೇಮಗೀತೆ ಅನಿಸುತ್ತದೆ. ಮಾತುಗಳಿಗೆ ಕಿವಿಗೊಟ್ಟರೆ, ಅದು ಜೈಲಿನಿಂದ ಬಿಡುಗಡೆಯಾಗಲಿರುವ ಹುಡುಗಿಗೆ ಬರೆದ ಕಾಗದ. ಮತ್ತೆ, ಆ ರಾತ್ರಿ ಕೇಳಿದ ಹಾಡಿನ ಹೆಸರು ನೆನಪಾದರೆ ಖಂಡಿತ ಬರೆಯಿರಿ.